ನಡುಮನೆಯ ವಾರಸುದಾರ: ಮುಂದೆ ಸರಿದಿದ್ದ ಸೀಟು

"ಸಾರ್, ಅದರೊಳಗೆ ಕೂರ್ಬೇಡಿ, ಸೀಟಿಡೀ ಕೆಸರುಂಟು," ಎಂದ ಕಾನ್‌ಸ್ಟೇಬಲ್ ಸಿನಾನ್.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಮುರಳಿಕೃಷ್ಣ ಕೂತಾಗಿತ್ತು. ಪ್ಯಾಂಟು ಹಾಳಾಯಿತೆಂದು ಎದ್ದು ಕೊಡವಿಕೊಳ್ಳುವಷ್ಟು ಹುಮ್ಮಸ್ಸು ಅವನಲ್ಲಿ ಉಳಿದಿರಲಿಲ್ಲ. ಕಲ್ಲುಗುಂಡಿಯ ಬಿಸಿಲು ತಲೆಯ ಮೇಲೇ ನಿಂತಿತ್ತು. ಮಡಿಕೇರಿಯಿಂದ ಇಳಿದು ಬರುವ ಪ್ರವಾಸಿಗರ ಕಾರುಗಳು, ಹೊಳೆಯಿಂದ ಎತ್ತಿ ರಸ್ತೆ ಬದಿಗೆ ತಂದಿದ್ದ ಜೀಪಿನ ಹತ್ತಿರ ನಿಧಾನ ಮಾಡಿ, ಮೊಬೈಲು ಹೊರಗೆ ಚಾಚಿ, ಫೋಟೋ ತೆಗೆದು ಮುಂದೆ ಹೋಗುತ್ತಿದ್ದವು.

ಇದೇ ಜೀಪಿನೊಳಗೆ ನಡುಮನೆ ಮೋಟಾರ್ಸ್ ಎಂಬ ಬಸ್ಸು ಕಂಪೆನಿಯ ಪಾಲುದಾರ ಪದ್ಮಯ್ಯ, ತಲೆಯ ಹಿಂಭಾಗಕ್ಕೆ ಯಾರೋ ಹೊಡೆದ ಗಾಯದೊಂದಿಗೆ, ಪಯಸ್ವಿನಿ ಹೊಳೆಯಲ್ಲಿ ಹೆಣವಾಗಿ ಸಿಕ್ಕಿದ್ದರು; ಜೊತೆಗೆ ಹೋಗಿದ್ದ ಮಗ ಭವಿತ್ ಎಲ್ಲೂ ಸಿಕ್ಕಿರಲಿಲ್ಲ. ಮರಣೋತ್ತರ ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ.

ಮುರಳಿಕೃಷ್ಣ ಸ್ಟೇರಿಂಗ್ ಹಿಡಿಯಲು ಹೋದ. ಮೊಣಕಾಲು ಎದುರಿನ ತಗಡಿಗೆ ಬಡಿಯಿತು.

"ಸಿನಾನ್, ಪದ್ಮಯ್ಯ ಎಷ್ಟು ಎತ್ತರ ಇದ್ದರು?"

"ನನಗಿಂತ ಉದ್ದ ಸಾರ್. ಬಸ್ಸು ಹತ್ತುವಾಗ ತಲೆ ಬಗ್ಗಿಸ್ಲೇಬೇಕಿತ್ತು."

"ನಾನು?"

ಸಿನಾನ್ ಮೇಲಿಂದ ಕೆಳಗೆ ನೋಡಿದ. "ನೀವು... ಸಾಧಾರಣ, ಸಾರ್."

"ಈ ಸಾಧಾರಣ ಕಾಲೇ ಇಲ್ಲಿ ಹಿಡಿಸುದಿಲ್ಲ. ಅಷ್ಟುದ್ದದ ಮನುಷ್ಯ ಇಲ್ಲಿ ಕೂತು ಸಂಪಾಜೆಯ ಮನೆಯಿಂದ ಹೇಗೆ ಓಡಿಸಿಕೊಂಡು ಬಂದರು?"

"ಬಿದ್ದ ರಭಸಕ್ಕೆ ಸೀಟು ಮುಂದೆ ಸರಿದಿರ್ಬಹುದು."

ಮುರಳಿಕೃಷ್ಣ ಸೀಟಿನ ಕೆಳಗೆ ಕೈ ಹಾಕಿ ಹಿಡಿಯನ್ನು ಎಳೆದ. ಅಲುಗಲಿಲ್ಲ. ಎರಡೂ ಕೈಯಲ್ಲಿ ಎಳೆದ. ಬೆನ್ನಿನಲ್ಲಿ ಹಳೇ ನೋವು ಚಳಕ್ಕೆಂದಿತು. ಕೊನೆಗೆ ಕಿರ್ರೆಂದು ಸೀಟು ಹಿಂದೆ ಸರಿಯಿತು. ಹಳೇ ಜೀಪು, ತುಕ್ಕು ಹಿಡಿದ ಹಲ್ಲುಗಳು. ರಭಸಕ್ಕೆ ಸರಿಯುವ ಸೀಟಲ್ಲ ಇದು. ಯಾರೋ ಬೇಕೆಂದೇ, ಬಲ ಹಾಕಿ, ಮುಂದೆ ಎಳೆದುಕೊಂಡಿದ್ದರು.

ಯಾರೋ ಗಿಡ್ಡ ಮನುಷ್ಯ.

"ಕೊನೆಗೆ ಜೀಪು ಓಡಿಸಿದ್ದು ಪದ್ಮಯ್ಯ ಅಲ್ಲ," ಎಂದ ಮುರಳಿಕೃಷ್ಣ. "ಬೇರೆಯವರು ಓಡಿಸಿ ತಂದು, ಹೊಳೆಯ ಅಂಚಿನಲ್ಲಿ ಅವರನ್ನು ಈ ಸೀಟಿಗೆ ಎಳೆದು ಹಾಕಿದ್ದಾರೆ. ಸೀಟು ಹಿಂದೆ ಮಾಡ್ಲಿಕ್ಕೆ ಮರೆತಿದ್ದಾರೆ."

ಇದನ್ನು ಕಂಡುಹಿಡಿದದ್ದಕ್ಕೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಡುಮನೆ ಮೋಟಾರ್ಸಿನಲ್ಲಿ ಹಾಗೆ ಗಿಡ್ಡಗಿದ್ದವರು ಯಾರೆಂದು ಪುತ್ತೂರಿನಿಂದ ಸುಳ್ಯದವರೆಗೆ ಬಸ್ಸು ಹತ್ತಿದ ಎಲ್ಲರಿಗೂ ಗೊತ್ತಿತ್ತು: ಯಜಮಾನ ಶೀನಪ್ಪ.

ಕೆಳಗೆ ಹೊಳೆಯಲ್ಲಿ ಮುಳುಗು ತಜ್ಞರು ಇನ್ನೂ ಭವಿತನನ್ನು ಹುಡುಕುತ್ತಿದ್ದರು. ಮಾರ್ಚಿನ ಹೊಳೆ, ಉಳಿದ ಕಡೆ ಮೊಣಕಾಲುದ್ದ ನೀರು, ಈ ತಿರುವಿನ ಕಯ ಎಂಬ ಮಡುವಿನಲ್ಲಿ ಮಾತ್ರ ಆಳ. ದಡದ ಬಂಡೆಯ ಮೇಲೆ ಪದ್ಮಯ್ಯನವರ ಹೆಂಡತಿ ಕಮಲಾವತಿ ಕೂತಿದ್ದರು. ಹೆಣ ಸಿಕ್ಕಿದ ದಿನದಿಂದ ಅದೇ ಬಂಡೆ.

ಮುರಳಿಕೃಷ್ಣ ಇಳಿದು ಹತ್ತಿರ ಹೋದ.

"ಸಾರ್, ಆ ಮಕ್ಕಳಿಗೆ ಮೇಲೆ ಬರ್ಲಿಕ್ಕೆ ಹೇಳಿ," ಎಂದರು ಆಕೆ, ತಲೆಯೆತ್ತದೆ. "ನೀರಲ್ಲಿ ಕೂತು ಕೂತು ಅವರ ಕೈ ಬೆಳ್ಳಗೆ ಸುಕ್ಕಾಗಿದೆ."

"ನಿಮ್ಮ ಮಗನನ್ನೇ ಅಲ್ವಾ ಅಮ್ಮ ಹುಡುಕುದು?"

"ಸಿಗುದಾದ್ರೆ ಇಷ್ಟರಲ್ಲಿ ಸಿಕ್ತಿತ್ತು. ಸಾಕು."

ಆ 'ಸಾಕು' ಎಂಬ ಮಾತನ್ನು ಮುರಳಿಕೃಷ್ಣ ಸಾವಿನ ಮನೆಗಳಲ್ಲಿ ಬಹಳ ಸಲ ಕೇಳಿದ್ದ. ಪಕ್ಕದ ಕಲ್ಲಿನ ಮೇಲೆ ಕೂತ.

"ಆ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಟದ್ದಾ?"

"ಒಟ್ಟಿಗೇ. ಇವರು ಸ್ಟೇರಿಂಗಿನಲ್ಲಿ, ಭವಿತ್ ಪಕ್ಕದಲ್ಲಿ. ಶೀನಪ್ಪಣ್ಣನನ್ನು ನೋಡಿ ಬರ್ತೇವೆ ಅಂದ್ರು."

"ಶೀನಪ್ಪನವರು ಆ ದಿನ ಕಾಣಿಯೂರು ಬಿಟ್ಟೇ ಹೊರಟಿಲ್ಲ ಅಂತ ಹೇಳಿಕೆ ಕೊಟ್ಟಿದ್ದಾರೆ."

"ನನಗೆ ಎಂತ ಗೊತ್ತುಂಟು ಸಾರ್. ಇವರು ಹೇಳಿದ್ದು ಹೇಳಿದೆ."

"ಭವಿತನಿಗೆ ಕಂಪೆನಿ ಸಿಗ್ತದೆ ಅಂತ ಆದಾಗ ನಿಮ್ಮವರಿಗೆ ಖುಷಿ ಆಗಿತ್ತಾ?"

ಕಮಲಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹೆಸರಿಗೆ ಪಾಲುದಾರ, ಜೀವಮಾನ ಇಡೀ ಬಸ್ಸಿನ ಸ್ಟೇರಿಂಗ್ ತಿರುಗಿಸಿದವನ ಮಗ ಯಜಮಾನ ಆಗ್ತಾನೆ ಅಂದ್ರೆ ಯಾರಿಗೆ ಖುಷಿ ಆಗುದಿಲ್ಲ, ಹೇಳಿ?"

ಕೇಳಿದ್ದಕ್ಕೆ ಇದು ಉತ್ತರವಲ್ಲ ಎಂದು ಮುರಳಿಕೃಷ್ಣನಿಗೆ ಅನಿಸಿತು. ಆದರೆ ಗಂಡನನ್ನು ಸುಟ್ಟು ಬಂದು ಮಗನ ಹೆಣಕ್ಕೆ ಕಾಯುತ್ತಾ ಕೂತ ಹೆಂಗಸನ್ನು ಇನ್ನೂ ಕೆದಕುವ ಮನಸ್ಸಾಗಲಿಲ್ಲ. ಎದ್ದ.

"ಕಾಣಿಯೂರಿಗೆ ಬಿಡು," ಎಂದ ಸಿನಾನ್‌ಗೆ.

*

ಸಿನಾನ್ ಸುಳ್ಯ ಪೇಟೆಯ ಮೂಲಕ ಗಾಡಿ ಬಿಟ್ಟ. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಜನ ಬ್ಯಾಗು ಹಿಡಿದು ರಸ್ತೆಗೇ ಬಂದು ನಿಂತಿದ್ದರು. ಪದ್ಮಯ್ಯ ಸತ್ತ ದಿನದಿಂದ ಶೀನಪ್ಪ ತಮ್ಮ ಒಂದೂ ಬಸ್ಸನ್ನು ರಸ್ತೆಗೆ ಬಿಟ್ಟಿರಲಿಲ್ಲ.

"ನನ್ನ ಬಾವ ಅವರಲ್ಲೇ ಕಂಡಕ್ಟರ್ ಸಾರ್," ಎಂದ ಸಿನಾನ್. "ಪುತ್ತೂರಿನ ಆ ಫಂಕ್ಷನ್ನಿಗೆ ಅವನೂ ಹೋಗಿದ್ದ. ಅವ ಹೇಳುದು, ಅಂಥಾ ಒಂದು ದಿನ ಯಾವ ಮಗನಿಗೂ ಬರ್ಬಾರ್ದು ಅಂತ."

ಸಂಗತಿ ಮುರಳಿಕೃಷ್ಣನಿಗೂ ಗೊತ್ತಿತ್ತು. ಕಂಪೆನಿಗೆ ಐವತ್ತು ವರ್ಷ ತುಂಬಿದ ಸಮಾರಂಭ. ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು, ಅವರ ಮನೆಯವರು, ಊರ ಗಣ್ಯರು, ಹಾಲ್ ತುಂಬಾ ಜನ. ಶೀನಪ್ಪ ಮೈಕು ಹಿಡಿದು, ತಮ್ಮ ನಂತರ ನಡುಮನೆ ಮೋಟಾರ್ಸನ್ನು ನಡೆಸುವವನು ಪದ್ಮಯ್ಯನ ಮಗ ಭವಿತ್ ಎಂದು ಹೇಳಿಬಿಟ್ಟಿದ್ದರು. ಶೀನಪ್ಪನವರ ಸ್ವಂತ ಮಗ ಕೌಶಲ್ ಆಗ ಎದುರಿನ ಸಾಲಿನಲ್ಲಿ ಕೂತಿದ್ದ.

"ಕಾರಣ ಇತ್ತಲ್ಲ," ಎಂದ ಮುರಳಿಕೃಷ್ಣ.

"ಇತ್ತು ಸಾರ್. ಕುಡಿದು ಬಸ್ಸು ಓಡಿಸಿ ಮಗುಚಿ ಹಾಕಿದವ. ಕದೀಜಮ್ಮ ಅಂತ ಒಂದು ಅಜ್ಜಿ ತೀರಿಹೋದ್ರು, ಇವನ ಎಡಗಾಲು ಮಡಚದ ಹಾಗಾಯ್ತು. ಆಮೇಲೆ ಕುಡಿಯುದು ಬಿಟ್ಟಿದ್ದಾನಂತೆ. ಆದ್ರೆ ಅಪ್ಪ ಕ್ಷಮಿಸ್ಲಿಲ್ಲ. ಕ್ಷಮಿಸುದು ಬೇಡ ಮಾರಾಯ್ರೆ, ಮನೆಯೊಳಗೆ ಕೂರಿಸಿ ಹೇಳ್ಬಹುದಿತ್ತು. ಮೈಕಿನಲ್ಲಿ ಯಾಕೆ?"

ಮುರಳಿಕೃಷ್ಣ ಕಿಟಕಿಯ ಗಾಜು ಇಳಿಸಿದ. ಅಪ್ಪಂದಿರು ಮನೆಯೊಳಗೆ ಹೇಳಲಾಗದ್ದನ್ನೇ ಮೈಕಿನಲ್ಲಿ ಹೇಳುವುದು. ತಾನೂ ತನ್ನ ಮಗ ಸಂಪ್ರೀತನಿಗೆ ಹೇಳಬೇಕಾದ ಎಷ್ಟೋ ಮಾತನ್ನು ಠಾಣೆಯಲ್ಲಿ ಕಂಡವರ ಮಕ್ಕಳಿಗೆ ಹೇಳಿದ್ದ.

*

ಕಾಣಿಯೂರಿನಲ್ಲಿ ಶೀನಪ್ಪನವರ ತಾರಸಿ ಮನೆ, ಅದಕ್ಕೆ ತಾಗಿಯೇ ಬಸ್ಸು ನಿಲ್ಲಿಸುವ ದೊಡ್ಡ ಅಂಗಳ. ನೀಲಿ ಬಿಳಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದು ಬಸ್ಸಿನ ಕಿಟಕಿಗೆ ಟವೆಲು ಒಣಹಾಕಿತ್ತು. ಸಮಾರಂಭದ ದಿನದಿಂದ ಕೌಶಲ್ ಮಲಗುತ್ತಿದ್ದುದು ಆ ಬಸ್ಸಿನೊಳಗೆ.

ಬಾಗಿಲು ತೆಗೆದವರು ಶೀನಪ್ಪನವರ ಹೆಂಡತಿ ಸೀತು. "ಬನ್ನಿ ಸಾರ್. ಒಲೆ ಹೊತ್ತಿಸಿದ್ರೂ ಉಣ್ಣುವವರಿಲ್ಲ ಈ ಮನೆಯಲ್ಲಿ. ನೀರಾದ್ರೂ ಕುಡೀರಿ."

ಶೀನಪ್ಪ ಒಳಗಿನ ಕುರ್ಚಿಯಲ್ಲಿ ಕೂತಿದ್ದರು. ಕಾಲು ನೆಲಕ್ಕೆ ಸರಿಯಾಗಿ ಎಟುಕದಷ್ಟು ಗಿಡ್ಡ ಆಳು. ತಮ್ಮದೇ ಬಸ್ಸಿನಲ್ಲಿ, ಟಿಕೇಟು ತೆಗೆದು, ಮುಂದಿನ ಸೀಟಿನಲ್ಲಿ ಕೂತು ಓಡಾಡುವ ಯಜಮಾನ ಎಂದು ಊರೆಲ್ಲ ಹೊಗಳುತ್ತಿದ್ದ ಮನುಷ್ಯ. ಈಗ ಕೆನ್ನೆಯ ಮೇಲೆ ಬಿಳಿ ಗಡ್ಡ ಬೆಳೆದು ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು.

"ಶೀನಪ್ಪನವರೇ, ಪದ್ಮಯ್ಯ ಸತ್ತ ದಿನ ನೀವು ಕಲ್ಲುಗುಂಡಿಗೆ ಹೋಗಿದ್ರಾ?"

"ಹೇಳಿದ್ದೇನಲ್ಲ. ಇಲ್ಲ."

"ಮತ್ತೊಮ್ಮೆ ಯೋಚನೆ ಮಾಡಿ. ನನಗೂ ಸುಸ್ತಾಗಿದೆ, ನಿಮಗೂ ಸುಸ್ತಾಗಿದೆ."

ಹೊರಗೆ ಟಕ್ ಟಕ್ ಎಂದು ಸದ್ದು ಕೇಳಿತು. ಕಂಕುಳಿಗೆ ಸ್ಟೀಲಿನ ಊರುಗೋಲು ಕೊಟ್ಟುಕೊಂಡು ಕೌಶಲ್ ಬಾಗಿಲಲ್ಲಿ ನಿಂತಿದ್ದ. ಬಿಸಿಲಿನಲ್ಲಿ ಅಂಗಳ ದಾಟಿ ಬಂದ ಏದುಸಿರು.

"ಅಪ್ಪನನ್ನು ಎಂತ ಕೇಳುದು ಸಾರ್? ನನ್ನನ್ನು ಕೇಳಿ. ಪದ್ಮಯ್ಯ ಮಾವನನ್ನು ಹೊಡೆದದ್ದು ನಾನು."

ಸೀತು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತರು. ಶೀನಪ್ಪ ಕಣ್ಣು ಮುಚ್ಚಿದರು.

ಮುರಳಿಕೃಷ್ಣ ಅಚ್ಚರಿಪಡಲಿಲ್ಲ. "ಹೇಳು. ಎಲ್ಲಿ ಹೊಡೆದದ್ದು?"

"ಕಲ್ಲುಗುಂಡಿಯಲ್ಲಿ. ನಮ್ಮ ಹಳೇ ಬಸ್ಸು ಶೆಡ್ಡುಂಟಲ್ಲ, ಅಲ್ಲಿ. ಅಪ್ಪ ಅವರಿಗೆ ಫೋನಿನಲ್ಲಿ ಶೆಡ್ಡಿಗೆ ಬಾ ಅನ್ನುದು ನನಗೆ ಕೇಳಿತ್ತು. ನಾನು ಮೊದಲೇ ಹೋದೆ. ಹೊಡೆದೆ. ಜೀಪಿಗೆ ಹಾಕಿದೆ. ತಿರುವಿನವರೆಗೆ ಓಡಿಸಿ ಹೊಳೆಗೆ ಬಿಟ್ಟೆ."

"ಕ್ಲಚ್ಚು ಯಾವ ಕಾಲಲ್ಲಿ ಒತ್ತಿದೆ?"

ಕೌಶಲ್ ತನ್ನ ಎಡಗಾಲನ್ನು ನೋಡಿಕೊಂಡ.

"ನಿನ್ನ ಎಡಗಾಲು ಮಡಚುದಿಲ್ಲ. ನಿನ್ನ ಕಾರಿಗೆ ಕ್ಲಚ್ಚೇ ಇಲ್ಲ. ಆ ಜೀಪಿನ ಕ್ಲಚ್ಚು ಕಲ್ಲಿನ ಹಾಗುಂಟು, ನಾನು ಒತ್ತಿ ನೋಡಿದ್ದೇನೆ." ಮುರಳಿಕೃಷ್ಣ ಸ್ವರ ಏರಿಸಲಿಲ್ಲ. "ಮತ್ತೆ, ಜೀಪಿನ ಸೀಟು ಪೂರ್ತಿ ಮುಂದೆ ಎಳೆದಿತ್ತು. ನಿನ್ನಷ್ಟು ಎತ್ತರದವ ಹಾಗೆ ಕೂರ್ಲಿಕ್ಕಿಲ್ಲ. ಯಾಕೆ ಸುಳ್ಳು ಹೇಳ್ತಿ?"

"ನಾನೇ ಮಾಡಿದ್ದು ಅಂತ ಹೇಳ್ತಿದ್ದೇನಲ್ಲ. ಬರ್ಕೊಳ್ಳಿ."

"ಕುಲ್ಲು ಮಗಾ," ಎಂದರು ಶೀನಪ್ಪ ತುಳುವಿನಲ್ಲಿ. ಕೂತುಕೋ.

ಸಮಾರಂಭದ ನಂತರ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಅದು. ಕೌಶಲ್ ಕೂರಲಿಲ್ಲ.

ಶೀನಪ್ಪ ಮುರಳಿಕೃಷ್ಣನ ಕಡೆಗೆ ತಿರುಗಿದರು. "ಓಡಿಸಿದ್ದು ನಾನು. ಸೀಟು ಮುಂದೆ ಎಳೆದದ್ದು ನಾನು. ಹೊಡೆದದ್ದೂ ನಾನೇ. ಅವನನ್ನು ಬಿಡಿ."

"ಯಾಕೆ ಹೊಡೆದ್ರಿ?"

"ಎಂತದೋ ಮಾತಿಗೆ ಮಾತು ಬಂತು."

"ಯಾವ ಮಾತು?"

ಶೀನಪ್ಪ ತಡಕಾಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ತಡಕಾಟ. ಮುರಳಿಕೃಷ್ಣ ಅವರೆದುರು ಸ್ಟೂಲು ಎಳೆದುಕೊಂಡು ಕೂತ.

"ಶೀನಪ್ಪನವರೇ, ಕಳೆದ ಅರ್ಧ ಗಂಟೆಯಲ್ಲಿ ಇಬ್ಬರು ತಪ್ಪೊಪ್ಪಿಕೊಂಡ್ರು. ಎರಡನ್ನೂ ನಂಬ್ಲಿಕ್ಕೆ ಆಗುದಿಲ್ಲ. ನಡೆದದ್ದು ನಡೆದ ಹಾಗೆ ಹೇಳಿ."

ಹೊರಗೆ ಯಾವುದೋ ಬಸ್ಸಿನ ಮೇಲೆ ಕಾಗೆ ಕೂಗುತ್ತಿತ್ತು. ಶೀನಪ್ಪ ಕುರ್ಚಿಯ ಅಂಚಿಗೆ ಸರಿದು ಕಾಲನ್ನು ನೆಲಕ್ಕೆ ಊರಿದರು.

"ಪದ್ಮಯ್ಯ ಹಿಂದಿನ ದಿನ ಫೋನು ಮಾಡಿದ್ದ. 'ಶೀನಪ್ಪಣ್ಣ, ನನ್ನ ಮಗನಿಗೆ ಬೇಡ. ಕೌಶಲನಿಗೇ ಕೊಡಿ. ಒಬ್ಬನ ಮಗನನ್ನು ಎಬ್ಬಿಸಿ ಅಲ್ಲಿ ನನ್ನ ಮಗ ಕೂತರೆ ನಮ್ಮ ಮನೆಗೆ ನಿದ್ದೆ ಇರ್ಲಿಕ್ಕಿಲ್ಲ' ಅಂದ. ಇಲ್ಲಿ ಮನೆಯಲ್ಲಿ ಮಾತಾಡುದು ಬೇಡ ಅಂತ ಹಳೇ ಶೆಡ್ಡಿಗೆ ಬರ್ಲಿಕ್ಕೆ ನಾನೇ ಹೇಳಿದ್ದು. ಅವ ಡ್ರೈವರು, ನಾನು ಕಂಡಕ್ಟರು, ನಮ್ಮ ಮೊದಲ ಬಸ್ಸು ನಿಲ್ಲಿಸಿದ್ದು ಅದೇ ಶೆಡ್ಡಿನಲ್ಲಿ."

ಕೌಶಲ್ ಅಪ್ಪನನ್ನೇ ನೋಡುತ್ತಿದ್ದ. ಪದ್ಮಯ್ಯ ಬೇಡವೆಂದದ್ದು ಅವನಿಗೆ ಗೊತ್ತಿರಲಿಲ್ಲ.

"ನಾನು ಬೆಳಗಿನ ಸರಕಾರಿ ಬಸ್ಸಿನಲ್ಲಿ ಹೋಗಿ ಇಳಿದೆ. ಜೀಪು ಹೊರಗೆ ಇತ್ತು, ಕೀಲಿ ಅದರಲ್ಲೇ ಇತ್ತು. ಒಳಗೆ ಪದ್ಮಯ್ಯ ಕವುಚಿ ಬಿದ್ದಿದ್ದ. ಮೂಗಿಗೆ ಬೆರಳು ಹಿಡಿದು ನೋಡಿದೆ. ಉಸಿರು ಸಿಕ್ಕಲಿಲ್ಲ. ಅವನ ಪಕ್ಕದಲ್ಲಿ..." ಅವರು ಮಗನನ್ನು ನೋಡದೆ ಹೇಳಿದರು. "ಅವನ ಪಕ್ಕದಲ್ಲಿ ಇವನ ಬೆತ್ತದ ಕೋಲು ಬಿದ್ದಿತ್ತು. ಹಿಡಿಗೆ ಹಿತ್ತಾಳೆ ಕಟ್ಟಿದ್ದು. ನಾನೇ ಮಾಡಿಸಿ ಕೊಟ್ಟದ್ದು. ಆ ದಿನ ಬೆಳಿಗ್ಗೆ ಇವನ ಕಾರು ಅಂಗಳದಲ್ಲಿ ಇರ್ಲಿಲ್ಲ. ನಾನು ಎಂತ ತಿಳೀಬೇಕು?"

"ಅದಕ್ಕೆ ಜೀಪು ಹೊಳೆಗೆ ಬಿಟ್ರಿ."

"ಅಪಘಾತ ಅಂತ ಆದ್ರೆ ಯಾರೂ ಇವನನ್ನು ಕೇಳ್ಲಿಕ್ಕಿಲ್ಲ ಅಂತ ಅನಿಸಿತು. ಕೋಲನ್ನು ತಂದು ಬಚ್ಚಲ ಒಲೆಗೆ ಹಾಕಿದೆ."

ಸಿನಾನ್ ಬಾಗಿಲ ಬಳಿ ನಿಂತು ನಿಟ್ಟುಸಿರು ಬಿಟ್ಟ. ಇದ್ದ ಒಂದೇ ಸಾಕ್ಷಿ ಬೂದಿಯಾಗಿತ್ತು.

"ಭವಿತ್?"

"ಅವನನ್ನು ನಾನು ಕಾಣ್ಲೇ ಇಲ್ಲ. ದೇವರಾಣೆ."

ಆಗ ಕೌಶಲ್ ಮಾತಾಡಿದ. ಸ್ವರ ಎಷ್ಟು ತಗ್ಗಿತ್ತೆಂದರೆ ಸೀತು ಮುಂದೆ ಬಾಗಿ ಕೇಳಿಸಿಕೊಂಡರು.

"ನಾನು ಕೊಂದೆ ಅಂತ ತಿಳ್ಕೊಂಡ್ರಾ ಅಪ್ಪ?"

"ನಿನ್ನ ಕಾರು ಇರ್ಲಿಲ್ಲ ಮಗಾ."

"ಪುತ್ತೂರಿಗೆ ಹೋಗಿದ್ದೆ. ಕಾಲಿನ ವ್ಯಾಯಾಮಕ್ಕೆ. ವಾರ ವಾರ ಹೋಗ್ತೇನೆ. ಆಸ್ಪತ್ರೆಯಲ್ಲಿ ಕೇಳಿದ್ರೆ ಹೇಳ್ತಾರೆ. ನೀವೊಬ್ಬರೇ ಯಾವತ್ತೂ ಕೇಳ್ಲಿಲ್ಲ."

ಶೀನಪ್ಪ ಉಟ್ಟ ಪಂಚೆಯ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು.

"ಮಧ್ಯಾಹ್ನ ಬಂದು ನೋಡುವಾಗ ನಿಮ್ಮ ಪಂಚೆ ಮನೆ ಹಿಂದಿನ ಒಗೆಯುವ ಕಲ್ಲಿನ ಮೇಲೆ ಬಿದ್ದಿತ್ತು," ಕೌಶಲ್ ಮುಂದುವರಿಸಿದ. "ಸೊಂಟದವರೆಗೆ ಕೆಸರು, ರಕ್ತದ ಕಲೆ. ಆಮೇಲೆ ಪದ್ಮಯ್ಯ ಮಾವನ ಸುದ್ದಿ ಬಂತು. ಹಿಂದಿನ ದಿನ ಫೋನಿನಲ್ಲಿ ನೀವು ದೊಡ್ಡ ಸ್ವರದಲ್ಲಿ ಜಗಳ ಆಡಿದ್ದು ನಾನು ಕೇಳಿದ್ದೆ. ಅಮ್ಮ ನೋಡುವ ಮೊದಲು ಪಂಚೆಯನ್ನು ನಾನೇ ಒಗೆದೆ. ಬಗ್ಗಲಿಕ್ಕೆ ಆಗುದಿಲ್ಲ ಅಂತ ಕಲ್ಲಿನ ಮೇಲೆ ಕೂತು ಒಗೆದೆ."

"ನೀನೂ ನನ್ನನ್ನು ಹಾಗೇ ತಿಳ್ಕೊಂಡೆಯಲ್ಲ," ಎಂದರು ಶೀನಪ್ಪ.

"ಹೌದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೀತು ಮಾತ್ರ ಅಳುತ್ತಿದ್ದರು. ಒಬ್ಬರಿಗಾಗಿ ಒಬ್ಬರು ಜೈಲಿಗೆ ಹೋಗಲು ಹೊರಟ ಅಪ್ಪ ಮಗ, ಒಬ್ಬರನ್ನೊಬ್ಬರು ಕೊಲೆಗಾರ ಎಂದು ನಂಬಲು ಒಂದು ಕ್ಷಣವೂ ಹಿಂದೆ ಮುಂದೆ ನೋಡಿರಲಿಲ್ಲ. ಇವೆರಡರಲ್ಲಿ ಯಾವುದು ದೊಡ್ಡದೆಂದು ಮುರಳಿಕೃಷ್ಣನಿಗೆ ತಿಳಿಯಲಿಲ್ಲ. ಸಂಪ್ರೀತ್ ತನಗಾಗಿ ಇಂಥ ಒಂದು ಸುಳ್ಳು ಹೇಳುತ್ತಿದ್ದನೇ ಎಂಬ ಪ್ರಶ್ನೆ ಬಂತು. ಅದನ್ನು ಅಲ್ಲಿಗೇ ಬಿಟ್ಟ.

"ಕೌಶಲ್, ಆ ಕೋಲು ಶೆಡ್ಡಿಗೆ ಹೇಗೆ ಹೋಯ್ತು?"

"ಗೊತ್ತಿಲ್ಲ ಸಾರ್. ಅದು ನನ್ನ ಹತ್ತಿರ ಇರ್ಲೇ ಇಲ್ಲ. ಫಂಕ್ಷನ್ನಿನ ದಿನ ಅಪ್ಪ ಭವಿತನ ಹೆಸರು ಹೇಳಿದ ಕೂಡಲೇ ಸಿಟ್ಟು ನೆತ್ತಿಗೇರಿ ಕೋಲನ್ನು ಸ್ಟೇಜಿನ ಕಡೆಗೆ ಎಸೆದೆ. ಅದು ಸ್ಟೇಜಿಗೆ ತಾಗದೆ ಹೆಂಗಸರು ಕೂತಿದ್ದ ಸಾಲಿನಲ್ಲಿ ಬಿತ್ತು. ನಾನು ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಮರುದಿನ ಮೆಡಿಕಲ್ಲಿನಿಂದ ಇದನ್ನು ತಗೊಂಡೆ."

"ಯಾರೋ ಅದನ್ನು ಹೆಕ್ಕಿ ನಿನಗೇ ಕೊಟ್ಟಿರ್ಬೇಕು ಅಂತ ನಾನು ತಿಳ್ಕೊಂಡದ್ದು," ಎಂದರು ಶೀನಪ್ಪ.

"ಯಾರ ಹತ್ತಿರ ಬಿತ್ತು, ನೆನಪುಂಟಾ?" ಮುರಳಿಕೃಷ್ಣ ಕೇಳಿದ.

ಕೌಶಲ್ ತಲೆ ಅಲ್ಲಾಡಿಸಿದ. ಉತ್ತರ ಬಂದದ್ದು ಗೋಡೆಯ ಕಡೆಯಿಂದ.

"ಹೆಂಗಸರ ಬದಿಯ ಎದುರಿನ ಸಾಲಿನಲ್ಲಿ ಕೂತಿದ್ದದ್ದು ನಾನು ಮತ್ತು ಕಮಲಾವತಿ," ಎಂದರು ಸೀತು. "ನಾನು ಇವನ ಹಿಂದೆಯೇ ಓಡಿದೆ. ಕೋಲಿನ ನೆನಪು ಯಾರಿಗಿತ್ತು?"

ಮುರಳಿಕೃಷ್ಣ ನಿಧಾನವಾಗಿ ಮೊಬೈಲು ಹೊರತೆಗೆದ. ಕಮಲಾವತಿಯ ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಎಲ್ಲರೂ ಕೇಳಲಿ ಎಂಬ ಉದ್ದೇಶಕ್ಕಿಂತ, ಕಿವಿಗೆ ಹಿಡಿದುಕೊಳ್ಳಲು ಕೈಗೆ ತ್ರಾಣವಿಲ್ಲದ ಕಾರಣಕ್ಕೆ.

ಬಹಳ ಹೊತ್ತು ರಿಂಗಾಯಿತು.

"ಹೇಳಿ ಸಾರ್." ಹೊಳೆಯ ಸದ್ದು ಇರಲಿಲ್ಲ. ಆಕೆ ಮನೆಗೆ ಮರಳಿದ್ದರು.

"ಅಮ್ಮ, ಪುತ್ತೂರಿನಲ್ಲಿ ಕೌಶಲ್ ಎಸೆದ ಕೋಲನ್ನು ಯಾರು ಹೆಕ್ಕಿದ್ದು?"

ಆ ಕಡೆಯಿಂದ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು.

"ನಾನು," ಎಂದರು ಕಮಲಾವತಿ.

"ಆಮೇಲೆ?"

"ಮನೆಗೆ ತಂದಿದ್ದೆ. ಹಿಂದೆ ಕೊಡುವ ಅಂತಲೇ ತಂದದ್ದು ಸಾರ್, ನಿಜವಾಗಿ. ಆ ಬೆಳಿಗ್ಗೆ ಅದನ್ನೂ ಹಿಡ್ಕೊಂಡು ಇವರ ಹಿಂದೆಯೇ ಆಟೋದಲ್ಲಿ ಕಲ್ಲುಗುಂಡಿಗೆ ಹೋದೆ. ನನ್ನ ಮಗನಿಗೆ ಸಿಕ್ಕಿದ್ದನ್ನು ನೀವ್ಯಾಕೆ ಬೇಡ ಹೇಳುದು ಅಂತ ಕೇಳಿದೆ. 'ನಿನಗೆ ಅರ್ಥ ಆಗುದಿಲ್ಲ' ಅಂತ ಹೇಳಿ ಬೆನ್ನು ಹಾಕಿ ನಿಂತ್ರು. ಯಾವಾಗಲೂ ಹಾಗೇ ನಿಲ್ಲುದು ಅವರು." ಉಸಿರು ಎಳೆದುಕೊಂಡರು. "ನಾನೇ ಹೊಡೆದದ್ದು. ಬರ್ಕೊಳ್ಳಿ. ಹೊಳೆಯಲ್ಲಿ ಹುಡುಕುದು ನಿಲ್ಲಿಸಿ."

ಮೂರನೆಯದು. ಮುರಳಿಕೃಷ್ಣ ಹಣೆ ಒತ್ತಿಕೊಂಡ. ಈಗ ಇದನ್ನು ನಂಬಬೇಕೇ ಬೇಡವೇ? ಇವತ್ತು ತಪ್ಪೊಪ್ಪಿಕೊಂಡವರೆಲ್ಲ ಇನ್ನೊಬ್ಬರನ್ನು ಉಳಿಸಲು ಹೊರಟವರೇ.

"ಅಮ್ಮ, ಫೋನು ಇಲ್ಲಿ ಕೊಡು."

ದೂರದಿಂದ ಬಂದ ಎಳೆಯ ಗಂಡು ಸ್ವರ. ಕೌಶಲನ ಊರುಗೋಲು ನೆಲಕ್ಕೆ ಬಿತ್ತು. ಹೊಳೆಯ ಕಯದಲ್ಲಿ ಯಾರಿಗಾಗಿ ಹುಡುಕುತ್ತಿದ್ದರೋ, ಆ ಸ್ವರ.

"ಕೊಡು ಅಂದೆನಲ್ಲ." ಫೋನು ಕೈ ಬದಲಾಯಿತು. "ಸಾರ್, ನಾನು ಭವಿತ್."

"ಎಲ್ಲಿದ್ದೆ ನೀನು ಇಷ್ಟು ದಿನ?"

"ಅದನ್ನು ಬಂದು ಕೇಳಿ, ಹೇಳ್ತೇನೆ. ಅಮ್ಮ ಹೇಳಿದ್ದನ್ನು ಸದ್ಯಕ್ಕೆ ಬರ್ಕೊಳ್ಬೇಡಿ. ಒಂದು ವಿಷಯ ಮಾತ್ರ ಈಗಲೇ ಹೇಳ್ತೇನೆ, ಆಮೇಲೆ ನನಗೆ ಧೈರ್ಯ ಸಾಲ್ಲಿಕ್ಕಿಲ್ಲ. ಆ ದಿನ ನಾನು ಶೆಡ್ಡಿನ ಹಿಂದೆ ರಬ್ಬರ್ ಮರಗಳ ಎಡೆಯಲ್ಲಿದ್ದೆ. ಶೀನಪ್ಪ ಮಾವ ಅಪ್ಪನನ್ನು ಎತ್ತಿ ಜೀಪಿಗೆ ಹಾಕುದು ಕಂಡೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ ಅಂತಲೇ ತಿಳ್ಕೊಂಡೆ ಸಾರ್. ಯಾಕೆ ಅಂದ್ರೆ ಅಪ್ಪನಿಗೆ ಆಗ ಜೀವ ಇತ್ತು. ಅಪ್ಪ ಕೈ ಎತ್ತಿದ್ರು."

ಶೀನಪ್ಪ ತಮ್ಮ ಎಡಹೆಗಲನ್ನು ಬಲಗೈಯಿಂದ ಮುಟ್ಟಿ ನೋಡಿಕೊಂಡರು. ಅಲ್ಲಿ ಈಗಲೂ ಏನೋ ಇದೆ ಎಂಬಂತೆ.

"ಎತ್ತುವಾಗ ಅವನ ಕೈ ಇಲ್ಲಿ ಬಂದು ಹಿಡಿದಿತ್ತು," ಎಂದರು. "ಹೆಣದ ಕೈ ಜಾರಿ ಬಿದ್ದದ್ದು ಅಂತ ನಾನು ಬಿಡಿಸಿದೆ."